ವಸೀಲಾ ಕೈಬಿಡದ ಕೀಲಿಗಳು

ಸ್ಫಾಕ್ಸ್ ಊರಿನ ಮಹಿಳಾ ಕಾನೂನು ನೆರವು ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ವಸೀಲಾ ಗರ್ಗೂರಿ. ಮೀನುಗಾರರ ಮನೆಯ ಮಗಳು, ದೊಡ್ಡ ಗಂಟಲು, ಯಾರಿಗೂ ಸೊಪ್ಪು ಹಾಕುವವಳಲ್ಲ. ಗಂಡಂದಿರ ಹೊಡೆತ ತಿಂದು ಬಂದ ಹೆಂಗಸರ ಹೇಳಿಕೆಗಳನ್ನು ಸಂಘ ಗೂಢಲಿಪಿಯಲ್ಲಿ ಕಾಪಿಟ್ಟಿತ್ತು. ಒಬ್ಬೊಬ್ಬಳ ಹೇಳಿಕೆಗೂ ಒಂದೊಂದು ಗುಪ್ತ ಕೀಲಿ, ಎಂದರೆ ಒಂದು ಉದ್ದನೆಯ ಸಂಖ್ಯೆ. ಅದಿಲ್ಲದೆ ಯಾರೂ ಓದಲಾರರು.

ಹಳೆಯ ತಂತ್ರಾಂಶವನ್ನು ಅದರ ಕಂಪನಿಯೇ ಕೈಬಿಟ್ಟಿತು. ಸಂಘ ಬೇರೊಂದನ್ನು ಹಾಕಿಕೊಂಡರೆ, ಅದು ಹಳೆಯ ಕೀಲಿಗಳ ಗುರುತೇ ಹಿಡಿಯಲಿಲ್ಲ. ಕೀಲಿಯ ಸಂಖ್ಯೆ ಅದೇ, ಬರೆದಿಡುವ ಕ್ರಮ ಮಾತ್ರ ಬೇರೆ.

ಹೊಸ ತಂತ್ರಾಂಶದ ಕಂಪನಿಯ ನಿಝಾರ್ ನಗುನಗುತ್ತಾ ಬಂದ. "ಕೀಲಿ ಎಲ್ಲಾ ನಮಗೆ ಕೊಟ್ಬಿಡಿ ಮದಾಮ್, ನಾವೇ ಬದಲಾಯಿಸಿ ಕೊಡ್ತೀವಿ."

"ನಿನ್ ಹೆಂಡ್ತಿ ಗುಟ್ಟನ್ನ ನನಗೆ ಬಿಟ್ಟುಕೊಡ್ತೀಯೇನಪ್ಪಾ?" ಎಂದಳು ವಸೀಲಾ. "ಇಲ್ಲ ತಾನೆ? ಮತ್ತೆ ಇವರದ್ದು ಯಾಕೆ ಕೇಳ್ತೀಯ? ನಾನೇ ಬದಲಾಯಿಸ್ಕೊಳ್ತೀನಿ."

ನಿಝಾರನ ಮುಖ ಗಂಟಾಯಿತು. "ನಮ್ಮ ಕ್ರಮ ಬಿಚ್ಚಿ ನೋಡೋ ಹಾಗಿಲ್ಲ. ಕೋರ್ಟಿಗೆ ಎಳೀತೀವಿ."

"ಎಳಿ. ನಡ್ಕೊಂಡೇ ಬರ್ತೀನಿ."

ಅವಳು ಪರೀಕ್ಷೆಗೆಂದು ಸುಳ್ಳು ಕೀಲಿಗಳನ್ನು ಮಾಡಿ, ಹಳೆಯ ಹೊಸ ಎರಡೂ ತಂತ್ರಾಂಶಗಳಲ್ಲಿ ಅವು ಹೇಗೆ ಕಾಣುತ್ತವೆಂದು ಹೋಲಿಸಿದಳು. ಒಂದರ ಕ್ರಮವನ್ನು ಇನ್ನೊಂದಕ್ಕೆ ತಿರುಗಿಸುವ ಪುಟ್ಟ ತಂತ್ರಾಂಶ ಬರೆದಳು. ಹೇಳಿಕೆಗಳು ತೆರೆದುಕೊಂಡವು. ಕೆಲವು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಅವುಗಳಲ್ಲೇ ರಬೇಹ್ ಎಂಬಾಕೆಯದ್ದೂ ಇತ್ತು, ಅವಳ ಮೊಕದ್ದಮೆಯ ವಿಚಾರಣೆಯೋ ಹತ್ತಿರ ಬಂದಿತ್ತು. ವಸೀಲಾ ಪರದೆಯನ್ನೇ ಬೈದಳು, ಮತ್ತೆ ಕೂತಳು. ಕೊನೆಗೆ ಸಿಕ್ಕಿಬಿತ್ತು: ಸಂಖ್ಯೆ ಸೊನ್ನೆಯಿಂದ ಶುರುವಾದರೆ ಹಳೆಯ ತಂತ್ರಾಂಶ ಆ ಸೊನ್ನೆಯನ್ನು ನುಂಗಿಬಿಡುತ್ತಿತ್ತು, ಹೊಸದಕ್ಕೆ ಪೂರ್ತಿ ಉದ್ದ ಬೇಕು. ನುಂಗಿದ್ದನ್ನು ಕಕ್ಕಿಸಿದಳು. ರಬೇಹ್ ಬಂದು ಓದಿ, "ನನ್ ಮಾತೇ, ಒಂದಕ್ಷರ ಆಚೀಚೆ ಆಗಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಬೇರೆ ಊರುಗಳ ಸಂಘಗಳಿಗೂ ಇದೇ ಗೋಳು. "ಸದ್ದಿಲ್ಲದೆ ನಾವಷ್ಟೇ ಬಳಸ್ಕೊಳ್ಳೋಣ" ಎಂದು ಸಮಿತಿಯವರು ಬೆವರಿದರು. ವಸೀಲಾ ಕೇಳಲಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ಆ ಪುಟ್ಟ ತಂತ್ರಾಂಶವನ್ನು ತನ್ನ ಹೆಸರಿನಲ್ಲೇ ಅಂತರ್ಜಾಲಕ್ಕೆ ಹಾಕಿಯೇಬಿಟ್ಟಳು.

ಕಂಪನಿಯಿಂದ ನೋಟಿಸು ಬಂತು. ಸಂಘದ ಅಧ್ಯಕ್ಷೆ, ವಕೀಲೆ ಮುಫೀದಾ ಕಮ್ಮೂನ್ ಅದನ್ನೋದಿ ನಕ್ಕರು. "ಹೆಂಗಸರ ಗುಟ್ಟು ತಮ್ಮ ಕೈಗೆ ಯಾಕೆ ಬೇಕಿತ್ತು ಅನ್ನೋದನ್ನ ಮೊದಲು ನ್ಯಾಯಾಧೀಶರಿಗೆ ಹೇಳಲಿ, ಆಮೇಲೆ ಮಾತಾಡೋಣ" ಎಂದವರು, ಅದನ್ನೇ ಉತ್ತರವಾಗಿ ಬರೆದು ಕಳಿಸಿದರು. ಕಂಪನಿ ಕೋರ್ಟಿನ ಕಡೆ ತಲೆ ಹಾಕಲಿಲ್ಲ.

ಸಮಿತಿಯವರ ಅಂಜಿಕೆ ಮಾತ್ರ ಹೋಗಲಿಲ್ಲ. "ಹೋಗ್ಲಿ, ನಿನ್ ಹೆಸರಾದ್ರೂ ತೆಗೆದುಬಿಡು ತಾಯಿ" ಎಂದು ಗೋಗರೆದರು.

"ಮಾಡಿದವಳು ನಾನು. ಮತ್ಯಾರ ಹೆಸರು ಹಾಕ್ಲಿ, ನಿಮ್ದಾ?" ಎಂದಳು ವಸೀಲಾ.

ಹೆಸರು ಇನ್ನೂ ಅಲ್ಲೇ ಇದೆ.