ವಿನೆಗರ್ ಬಿದ್ದ ಕಲ್ಲು

ಝೆನೋಬಿಯಾ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ಅವಳಿಗೆ ಎಪ್ಪತ್ತೆಂಟು.

ನಿದಾ ನದಿಯ ದಂಡೆಯ ನಮ್ಮ ಸಣ್ಣ ಮ್ಯೂಸಿಯಂನಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ, ಅವಳು ಪಳೆಯುಳಿಕೆಗಳನ್ನು ತೊಳೆಯುತ್ತಿದ್ದಳು. ನಿವೃತ್ತಿಯಾದ ಮೇಲೂ ಬರುತ್ತಿದ್ದಳು. ನಮ್ಮ ಸುಣ್ಣಕಲ್ಲಿನಲ್ಲೆಲ್ಲ ಹಳೆಯ ಕಡಲಿನ ಪಾಚಿಪ್ರಾಣಿಗಳಿವೆ. ಸಾಸಿವೆಗಿಂತ ಚಿಕ್ಕ ಗೂಡುಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡು ಬದುಕಿದ ಜೀವಿಗಳು.

೧೯೮೧ರಲ್ಲಿ ದೇಶದಲ್ಲಿ ಎಲ್ಲಕ್ಕೂ ಅಭಾವ, ಅಂಗಡಿಗಳ ಕಪಾಟಿನಲ್ಲಿ ವಿನೆಗರ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಎರಡಾಗಿ ಒಡೆದಿದ್ದ ಕಲ್ಲೊಂದರ ಅರ್ಧಕ್ಕೆ ಅಂಟಿ, ಬ್ರಷ್ಷಿಗೆ ಬಗ್ಗದ ಮಣ್ಣಿಗೆ ಝೆನೋಬಿಯಾ ಅದನ್ನೇ ನಾಲ್ಕು ಹನಿ ಹಾಕಿದಳು. ಆ ಕಲ್ಲನ್ನು, ನಮ್ಮ ಪಳೆಯುಳಿಕೆಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರೊಫೆಸರ್ ಕ್ವಾಪಿಶ್ ಭೂತಗನ್ನಡಿಯಲ್ಲಿ ನೋಡಿದರು. ಗೂಡುಗಳ ಬಾಯಿ ಮಾಮೂಲಿಗಿಂತ ಅಗಲವಾಗಿತ್ತು. ನೂರು ವರ್ಷದಿಂದ ಒಂದೇ ಹೆಸರಿನಡಿ ಇದ್ದ ಜೀವಿಯನ್ನು ಅವರು ಎರಡು ಪ್ರಭೇದ ಮಾಡಿದರು. ಹೊಸ ಪ್ರಭೇದಕ್ಕೆ, ಕಲ್ಲು ತೊಳೆದವಳ ಹೆಸರನ್ನೇ ಇಟ್ಟರು.

ಸುಣ್ಣಕಲ್ಲನ್ನು ವಿನೆಗರ್ ತಿನ್ನುತ್ತದೆ. ಬಾಯಿ ಅಗಲವಾದದ್ದು ತನ್ನಿಂದಲೇ ಇರಬಹುದೆಂಬ ಭಯ ಅವಳಿಗೆ ಅಂದೇ ಹತ್ತಿತು. ಅದೇ ಕಲ್ಲಿನ ತೊಳೆಯದ ಅರ್ಧ ಅವಳ ಡ್ರಾಯರಿನಲ್ಲಿ ಪತ್ರಿಕೆ ಸುತ್ತಿಕೊಂಡು ಬಿದ್ದಿತ್ತು. ಬಿಚ್ಚಿ ನೋಡುವ ಧೈರ್ಯ ಬರಲಿಲ್ಲ. ಅವಳು ಹೇಳುವ ಮೊದಲೇ ಪ್ರೊಫೆಸರ್ ತೀರಿಕೊಂಡರು.

ಈ ಶರತ್ಕಾಲದಲ್ಲಿ ವಿಶ್ವವಿದ್ಯಾಲಯದ ಇವೊನಾ ಎಂಬ ಹುಡುಗಿ ಪತ್ರ ಬರೆದಳು: ಆ ಅಗಲ ಬಾಯಿಯ ಆಧಾರದ ಮೇಲೆ ಹೊಸದೊಂದು ಕುಲವನ್ನೇ ಸ್ಥಾಪಿಸುತ್ತಿದ್ದೇನೆ, ಗುರುವಾರ ಕಲ್ಲು ನೋಡಲು ಬರುತ್ತೇನೆ. ಝೆನೋಬಿಯಾ ಊಟ ಬಿಟ್ಟಳು. ಹೊರಗೆ ಕಾರು ನಿಂತರೂ ಬೆಚ್ಚುತ್ತಿದ್ದಳು.

"ಅವಳಿಗೆ ನಿಜ ಹೇಳಿಬಿಡೇ," ಎಂದೆ. "ನಿನ್ನ ಹೆಸರು ಹೋದ್ರೆ ಹೋಗ್ಲಿ, ವಿನೆಗರ್ ಹಾಕಿದ ಸೌತೆಕಾಯಿ ಉಪ್ಪಿನಕಾಯಿ ಭರಣಿ ಮೇಲೆ ಬರೆಯೋಣ."

ಅವಳು ನಗಲಿಲ್ಲ. "ನನ್ನ ಹೆಸರು ಯಾರಿಗೆ ಬೇಕು? ಆ ಪುಣ್ಯಾತ್ಮ ನನ್ನ ನಂಬಿದ್ರು ಕಣೆ. ಸತ್ತ ಮೇಲೆ ಅವರನ್ನ ದಡ್ಡ ಅನ್ನಿಸ್ಲಾ?"

"ಆ ಹುಡುಗಿನೂ ನಿನ್ನ ನಂಬ್ಕೊಂಡೇ ಬರ್ತಿದಾಳೆ."

ಸೋಮವಾರ ಮ್ಯೂಸಿಯಂಗೆ ರಜೆ. ಮಧ್ಯಾಹ್ನ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಬೀಗ ತೆಗೆದಳು. ನಲವತ್ತನಾಲ್ಕು ವರ್ಷದ ಹಿಂದಿನ ಪತ್ರಿಕೆಯನ್ನು ಬಿಚ್ಚಿ, ಒಳಗಿದ್ದ ಅರ್ಧವನ್ನು ಭೂತಗನ್ನಡಿಯ ಕೆಳಗಿಟ್ಟಳು. ಒಂದೊಂದೇ ಗೂಡಿನ ಬಾಯಿ ನೋಡಿದಳು.

"ಕಿರಿದೇ ಇದೆ," ಎಂದಳು. "ಎಲ್ಲಾ ಒಂದೇ ಜೀವಿ."

ಆಮೇಲೆ ಎರಡೂ ಅರ್ಧಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಚೀಟಿ ಬರೆದಳು: 'ಎಡದ್ದು ತೊಳೆಯದ್ದು. ಬಲದ್ದನ್ನು ೧೯೮೧ರಲ್ಲಿ ವಿನೆಗರ್ ಹಾಕಿ ತೊಳೆದವಳು ನಾನು. ಪ್ರೊಫೆಸರರಿಗೆ ಗೊತ್ತಿರಲಿಲ್ಲ.' ಕೆಳಗೆ ತನ್ನ ಪೂರ್ತಿ ಹೆಸರು. ಪೆಟ್ಟಿಗೆಗೆ ಮುಚ್ಚಳ ಹಾಕಲಿಲ್ಲ. ಇವೊನಾ ಕೂರಬೇಕಾದ ಕುರ್ಚಿಯ ಎದುರು ಮೇಜಿನ ಮೇಲಿಟ್ಟು, ದೀಪದ ಕತ್ತನ್ನು ಅದರ ಕಡೆ ತಿರುಗಿಸಿದಳು.