ನಾನು ಬಾಯಿ ಮುಚ್ಚಿಸಿದ್ದ ವಾರ್ನಿಂಗು

ಅಮೆರಿಕದ ನಾರ್‌ಕ್ರಾಸ್‌ ಎಂಬ ಊರಿನ ಸಣ್ಣ ಕಂಪನಿಯೊಂದರಲ್ಲಿ ನಾನು ಟೀಮ್ ಲೀಡ್ ಆಗಿದ್ದೆ. ಆಸ್ಪತ್ರೆಯಲ್ಲಿ ಡ್ರಿಪ್ ಕೊಡುವ ಪಂಪುಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಕೋವಿಡ್ ಮುಗಿದು ಎಲ್ಲರೂ ಆಫೀಸಿಗೆ ಮರಳಿದ್ದ ವರ್ಷ, ಟೆಸ್ಟಿಂಗ್‌ನಲ್ಲಿ ಒಂದು ಪಂಪು ಔಷಧಿಯ ಅಳತೆಯನ್ನು ತಪ್ಪಾಗಿ ತೋರಿಸಿತು. ಹಿಂದಿನ ವಾರ ಆ ಭಾಗಕ್ಕೆ ಕೈ ಹಾಕಿದ್ದವಳು ಮೈಸೂರಿನ ಹುಡುಗಿ, ಟೀಮಿಗೆ ಹೊಸಬಳು. ಮ್ಯಾನೇಜರ್ ಅವಳನ್ನೇ ಅನುಮಾನಿಸಿದ. ಕೆಲಸ ಹೋದರೆ ಅವಳಂಥ ವೀಸಾದವರಿಗೆ ಸಿಗುವುದು ಅರವತ್ತು ದಿನ. ಅಷ್ಟರೊಳಗೆ ಇನ್ನೊಂದು ಕೆಲಸ, ಇಲ್ಲವೇ ಊರಿಗೆ ವಿಮಾನ.

ನನಗೆ ಇಡೀ ಟೀಮಿನ ಮೇಲೆ ರೇಗಿತು. ಕೋಡನ್ನು ಕಂಪೈಲ್ ಮಾಡಿದಾಗಲೆಲ್ಲ ಇಲ್ಲೇನೋ ಎಡವಟ್ಟಿದೆ ಎಂದು ಕಂಪ್ಯೂಟರ್ ಎಚ್ಚರಿಸುವ ವಾರ್ನಿಂಗ್ ಪುಟಗಟ್ಟಲೆ ಬರುತ್ತಿದ್ದವು, ಒಬ್ಬರಾದರೂ ಓದಬೇಕಲ್ಲ! "ಇನ್ಮೇಲೆ ಒಂದೇ ಒಂದು ವಾರ್ನಿಂಗ್ ಬಂದ್ರೂ ಬಿಲ್ಡ್ ಫೇಲ್ ಆಗುತ್ತೆ," ಎಂದು ಸೆಟ್ಟಿಂಗ್ ಬದಲಿಸಿಯೇ ಬಿಟ್ಟೆ. ಮಾರನೆಯ ದಿನದಿಂದ ಬಿಲ್ಡ್ ಮೇಲೇಳಲಿಲ್ಲ, ಪ್ರೋಗ್ರಾಂ ತಯಾರಾಗುವುದೇ ನಿಂತಿತು. ಎಲ್ಲರೂ ಗೊಣಗಿದರು. ಆ ಹುಡುಗಿ ಮಾತ್ರ ಒಂದೊಂದೇ ಸರಿಪಡಿಸುತ್ತ ಹೋದಳು.

ಶುಕ್ರವಾರ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದಳು. ಒಂದು ಕಡೆ ಯಾರೋ ಒಂದು ಸಾಲು ಬರೆದು ವಾರ್ನಿಂಗ್ ಬಾರದಂತೆ ಬಾಯಿ ಮುಚ್ಚಿಸಿದ್ದರು. ಅವಳು ಆ ಸಾಲು ತೆಗೆದು ತೋರಿಸಿದಳು. ಬಿಲ್ಡ್ ಫೇಲ್ ಆಯಿತು. ದೊಡ್ಡ ಸಂಖ್ಯೆಯನ್ನು ಚಿಕ್ಕ ಜಾಗಕ್ಕೆ ತುರುಕಿದ್ದರಿಂದ ಅಂಕಿ ಕತ್ತರಿಸಿ ಹೋಗುತ್ತಿದೆ ಎಂಬ ವಾರ್ನಿಂಗು. ಪಂಪಿನ ತಪ್ಪೂ ಅದೇ. ಅವಳು ಮಾಡಿದ ಬದಲಾವಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆ ಸಾಲು ನನಗೆ ನೆನಪಿತ್ತು. ಮೂರು ವರ್ಷದ ಹಿಂದೆ, ಪಕ್ಕದ ಊರು ಸುವಾನಿಯ ಡೇಕೇರ್‌ನಿಂದ ಮಗಳನ್ನು ಕರೆತರಲು ತಡವಾಗುತ್ತಿದ್ದಾಗ, ಆಮೇಲೆ ನೋಡಿಕೊಳ್ಳೋಣ ಎಂದು ನಾನೇ ಬರೆದದ್ದು. ಪಕ್ಕದವರ ತಟ್ಟೆಯ ನೊಣ ಹುಡುಕಲು ಹೊರಟವಳ ತಟ್ಟೆಯಲ್ಲೇ ಹೆಗ್ಗಣ ಸತ್ತು ಬಿದ್ದಿತ್ತು.

"ಇದನ್ನ ಬರೆದಿದ್ದು ಯಾರು ಅಂತ ಹಿಸ್ಟರಿ ಚೆಕ್ ಮಾಡಿದ್ಯಾ?" ಎಂದೆ.

"ಮಾಡ್ದೆ. ಬುಧವಾರಾನೇ."

"ಮತ್ತೆ ಎರಡು ದಿನ ಯಾಕೆ ಸುಮ್ನಿದ್ದೆ? ಹೋಗೋ ಕೆಲಸ ನಿಂದು ಕಣೇ."

ಅವಳು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ನನ್ನ ವರ್ಷದ ರಿವ್ಯೂ ಬರೆಯೋದು ನೀವೇ ಅಲ್ವಾ," ಎಂದಳು.

ಊಟದ ಡಬ್ಬಿ ಮುಚ್ಚಿ, ಅವಳ ಲ್ಯಾಪ್‌ಟಾಪ್ ಎತ್ತಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. ಹಿಸ್ಟರಿಯಲ್ಲಿ ಆ ಸಾಲಿನ ಪಕ್ಕದಲ್ಲಿದ್ದ ನನ್ನ ಹೆಸರನ್ನೇ ಮೊದಲು ತೋರಿಸಿದೆ.