ಅಪ್ಪ ಹಿಡಿದ ಶನಿವಾರ

೧೯೬೪ರ ಶ್ರಾವಣ. ಆಗ ನಾವು ದಾಂಡೇಲಿಯ ಅಂಬೇವಾಡಿಯಲ್ಲಿದ್ದೆವು. ಅಪ್ಪ ಫಕೀರಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಗಾರ. ಧಾರವಾಡದ ಕಡೆಯ ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದವನು, ಹೆಬ್ಬೆಟ್ಟಿನ ಮನುಷ್ಯ. ಅವನ ಮಗಳಾದ ನಾನು ಬಿ.ಎ. ಪಾಸಾಗಿದ್ದೆ. ನಮ್ಮ ಮನೆತನದಲ್ಲಿ ಗಂಡಸರನ್ನೂ ಸೇರಿಸಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಧಾರವಾಡದಲ್ಲಿ ಯಾರ‍್ಯಾರದೋ ಮಕ್ಕಳಿಗೆ ಪಾಠ ಹೇಳಿ, ಗೆಳತಿಯರ ಪುಸ್ತಕ ಇಸಕೊಂಡು ಓದಿ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಪಾಸಾದೆ ಸರಿ, ಆದರೆ ನೌಕರಿ ಸಿಗಲಿಲ್ಲ. ಒಂದು ವರ್ಷದ ಮೇಲೆ ಮನೆಯಲ್ಲೇ ಕುಳಿತೆ. ಓಣಿಯವರು ಅಪ್ಪನನ್ನು ಕಂಡಾಗಲೆಲ್ಲ, "ಏನ್ ಫಕೀರಪ್ಪಾ, ಮಗಳು ಬಿ.ಎ. ಆಗಿ ರೊಟ್ಟಿ ಬಡ್ಯಾಕತ್ತಾಳಂತಲ್ಲ?" ಎಂದು ಚುಚ್ಚುತ್ತಿದ್ದರು. ಅಪ್ಪ ನಕ್ಕು ಮುಂದೆ ಹೋಗುತ್ತಿದ್ದ. ಆದರೆ ನಿದ್ದೆ ಮಾಡುತ್ತಿರಲಿಲ್ಲ. ಆ ವರ್ಷವೇ ಅವನು ಸೊರಗತೊಡಗಿದ. ಎಷ್ಟು ನೀರು ಕುಡಿದರೂ ದಾಹ, ಎಷ್ಟು ಉಂಡರೂ ಅಂಗಿ ಸಡಿಲ. ಡಾಕ್ಟರು ಮೂತ್ರ ಕಾಯಿಸಿ ನೋಡಿದರು. ಔಷಧ ಹಾಕಿದ ನಳಿಗೆಯಲ್ಲಿ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ.

"ಮನಸಿನ್ಯಾಗ ಏನರ ಚಿಂತಿ ಐತೇನು?" ಎಂದು ಡಾಕ್ಟರು ಕೇಳಿದರು.

"ಎಲ್ಲಾರ ಮನ್ಯಾಗ ಇದ್ದಷ್ಟು ನಮ್ಮನ್ಯಾಗೂ ಐತ್ರಿ," ಎಂದ ಅಪ್ಪ.

ಗುಳಿಗೆಯಿಂದ ಆಗಲಿಲ್ಲ, ದಿನಾ ಬೆಳಿಗ್ಗೆ ಸಕ್ಕರೆ ಇಳಿಸುವ ಸೂಜಿ ಬೇಕಾಯಿತು. "ಕಲಿತಾಕಿ ಅದೀಯಲ್ಲ, ನೀನ ಚುಚ್ಚವಾ," ಎಂದು ಡಾಕ್ಟರು ನನಗೆ ಕಲಿಸಿದರು. ಗಾಜಿನ ಸಿರಿಂಜು ಕುದಿಸುವುದು, ಔಷಧದ ಬಾಟಲಿಯನ್ನು ಹಸಿ ಬಟ್ಟೆ ಸುತ್ತಿ ಗಡಿಗೆಯಲ್ಲಿಡುವುದು, ಎಲ್ಲ ಕಲಿತೆ. ಅವ್ವ ತನಗೆ ತಿಳಿದದ್ದನ್ನು ಮಾಡಿದಳು. ಮನೆಯಲ್ಲಿದ್ದ ಸಕ್ಕರೆ, ಬೆಲ್ಲವನ್ನೆಲ್ಲ ಹಂಚಿಬಿಟ್ಟಳು. "ಅವರಿಗೆ ವಿಷ ಆದದ್ದು ಈ ಹೊಸ್ತಿಲಾ ದಾಟಬಾರದು," ಎಂದಳು. ಎಲ್ಲರೂ ಸಪ್ಪನೆಯ ಚಹಾ ಕುಡಿಯತೊಡಗಿದೆವು.

ಆಷಾಢದಲ್ಲಿ ಹಳಿಯಾಳದ ಒಂದು ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಅಪ್ಪ ಅವತ್ತು ಓಣಿಯ ತುದಿಯಿಂದ ತುದಿಗೆ ಎರಡು ಸಲ ಸುಮ್ಮನೆ ತಿರುಗಾಡಿ ಬಂದ.

ಶ್ರಾವಣದ ಮೊದಲ ಶನಿವಾರ ಅರ್ಧ ದಿನದ ಶಾಲೆ. ಬಸ್ಸಿಗೆ ಮನೆಗೆ ಬಂದು ಚಹಾ ಕುಡಿಯುತ್ತಿದ್ದೆ. ಮೊದಲ ಪಾಳಿ ಮುಗಿದು ಹೊತ್ತಾಗಿದ್ದರೂ ಅಪ್ಪ ಬಂದಿರಲಿಲ್ಲ. ಓಣಿಯಲ್ಲಿ ನಗೆ ಕೇಳಿಸಿತು.

"ಮಗಳ ಪಗಾರ ಬರೂಕಿಂತ ಮೊದಲ ಏರಿಸ್ಯಾನ ನೋಡ್ರೋ ಫಕೀರಪ್ಪ!"

ಹೊರಗೆ ಬಂದೆ. ಅಪ್ಪನ ಜೊತೆ ಅದೇ ಪಾಳಿಯಲ್ಲಿ ದುಡಿಯುವ ಯಲ್ಲಪ್ಪ ಕಾಕಾ ಅವನ ರಟ್ಟೆ ಹಿಡಿದು ತರುತ್ತಿದ್ದರು. ಅಪ್ಪ ತೂರಾಡುತ್ತಿದ್ದ. ಜನ್ಮದಲ್ಲಿ ಸೆರೆ ಮುಟ್ಟಿದವನಲ್ಲ. ಹೊಸ್ತಿಲಲ್ಲಿ ನನ್ನನ್ನು ದಿಟ್ಟಿಸಿ ನೋಡಿ, "ಯಾರ ನೀ? ನನ್ನ ಮನ್ಯಾಗ ಏನ್ ಮಾಡಾಕತ್ತಿ?" ಎಂದು ಗದರಿದ. ಅವನ ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ.

"ದಾರ್ಯಾಗ ಹಿಂಗಾತವಾ. ನಾ ಡಾಕ್ಟರನ್ನ ಕರಕೊಂಡ ಬರ್ತೇನಿ," ಎಂದು ಕಾಕಾ ಸೈಕಲ್ ಹತ್ತಿ ಹೋದರು.

ಅಪ್ಪ ನೆಲದ ಮೇಲೆ ಉರುಳಿದ. ಜಿಟಿಜಿಟಿ ಮಳೆಯ ತಂಪಿನಲ್ಲೂ ಅಂಗಿ ಹಿಂಡುವಷ್ಟು ಬೆವರು. ಕೈ ನಡುಗುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದವು. ಆಮೇಲೆ ಬೈಗುಳವೂ ನಿಂತಿತು. ಬೈಯುವಾಗ ಇದ್ದ ಹೆದರಿಕೆಗಿಂತ ಆ ಮೌನದ ಹೆದರಿಕೆ ದೊಡ್ಡದು.

ಬಾಗಿಲ ತುಂಬ ಜನ. ಓಣಿಯ ಹಿರಿಯಳಾದ ಗಂಗವ್ವಾಯಿ ಮುಂದೆ ಬಂದಳು. "ಇದು ಕುಡದಿದ್ದಲ್ಲವಾ. ಹೊಳಿ ದಂಡಿಯಿಂದ ದೆವ್ವ ಬೆನ್ನ ಹತ್ತಿ ಬಂದೈತಿ. ಮೆಣಸಿನಕಾಯಿ ಹೊಗಿ ಹಾಕ್ರಿ, ಹೆಂಗ ಓಡತೈತಿ ನೋಡ್ರಿ."

ಅವ್ವ ಆಗಲೇ ಕೆಂಡ ತಂದಿದ್ದಳು. ಗಂಗವ್ವಾಯಿ ಮೆಣಸಿನಕಾಯಿ ಹಾಕುವುದರೊಳಗೆ ನಾನು ಕೆಂಡದ ಮೇಲೆ ತಂಬಿಗೆ ನೀರು ಸುರಿದೆ.

"ನಿನ್ನ ಬಿ.ಎ. ಬ್ಯಾರೆ, ಇದು ಬ್ಯಾರೆ!" ಎಂದಳು ಗಂಗವ್ವಾಯಿ.

ನನಗೆ ಗೊತ್ತಿದ್ದದ್ದು ಇಷ್ಟೇ. ಸೂಜಿ ಕಲಿಸಿದ ದಿನ ಡಾಕ್ಟರು ಹೇಳಿದ್ದರು: ಸಕ್ಕರೆ ಏರಿದರೂ ಎಚ್ಚರ ತಪ್ಪುತ್ತದೆ, ಇಳಿದರೂ ತಪ್ಪುತ್ತದೆ. ಒಂದಕ್ಕೆ ಮೈ ಒಣಗುತ್ತದೆ, ಇನ್ನೊಂದಕ್ಕೆ ಬೆವರುತ್ತದೆ. ಇಳಿದಿದ್ದರೆ ತಡ ಮಾಡದೆ ಸಿಹಿ ಕೊಡಬೇಕು, ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ. ಆದರೆ ಬೆವರು ಯಾವುದಕ್ಕೆ? ಏರಿದ್ದಕ್ಕೋ, ಇಳಿದದ್ದಕ್ಕೋ? ಅವತ್ತು ನನ್ನ ಗಮನವೆಲ್ಲ ಸೂಜಿಯ ಮೇಲಿತ್ತು. ನಾನು ಇತಿಹಾಸ ಓದಿದವಳು. ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದ ಎಂಬುದೆಲ್ಲ ನಾಲಿಗೆಯ ಮೇಲಿತ್ತು. ಇದೊಂದು ಮಾತು ಮಾತ್ರ ಹೊಯ್ದಾಡುತ್ತಿತ್ತು. ತಪ್ಪಿದರೆ ಅಪ್ಪನನ್ನು ನನ್ನ ಕೈಯಾರೆ ಕಳಿಸಿದಂತೆ.

"ಅವ್ವಾ, ಅಪ್ಪ ಬುತ್ತಿ ಒಯ್ದಿದ್ದನಾ?"

"ಒಯ್ದಾರ. ನಾನ ಕಟ್ಟೇನಿ, ಎರಡ ರೊಟ್ಟಿ, ಹೆಸರಕಾಳ ಪಲ್ಯಾ."

ಹಾಗಾದರೆ ಉಂಡಿದ್ದಾನೆ. ಉಂಡವನಿಗೆ ಸಕ್ಕರೆ ಇಳಿಯುವುದು ಹೇಗೆ? ಅಷ್ಟರಲ್ಲಿ ಯಲ್ಲಪ್ಪ ಕಾಕಾ ಒಬ್ಬರೇ ಮರಳಿ ಬಂದರು. ಡಾಕ್ಟರು ಜೋಯಿಡಾ ಕಡೆ ಹೋಗಿದ್ದರು, ಹೊತ್ತು ಮುಳುಗುವವರೆಗೆ ಬರುವುದಿಲ್ಲ.

"ಕಾಕಾ, ಖರೇ ಹೇಳ್ರಿ. ಅಪ್ಪ ಮಧ್ಯಾಹ್ನ ಉಂಡಾನೋ ಇಲ್ಲೋ?"

ಕಾಕಾ ತಲೆ ಕೆಳಗೆ ಹಾಕಿದರು. "ಆಣಿ ಹಾಕಿಸ್ಯಾನವಾ."

"ಆಣಿ ಸುಡ್ರಿ! ಹೇಳ್ರಿ!"

"ಬುತ್ತಿ ನಾನ ಉಂಡೆ. ಅವ ವಾರ ಹಿಡದಾನ. ನಿನಗ ನೌಕರಿ ಸಿಕ್ಕರ ಶ್ರಾವಣ ಶನಿವಾರ ದೀಪಾ ಹಚ್ಚೂತನಕಾ ಹನಿ ನೀರೂ ಮುಟ್ಟೂದಿಲ್ಲಂತ ಹನಮಪ್ಪಗ ಬೇಡಿಕೊಂಡಿದ್ನಂತ. ಮನ್ಯಾಗ ಗೊತ್ತಾದ್ರ ಬಿಡಂಗಿಲ್ಲ, ಹೇಳಬ್ಯಾಡ ಅಂದಾನ."

ಬೆಳಿಗ್ಗೆ ನಾನೇ ಚುಚ್ಚಿದ ಸೂಜಿ ಒಳಗಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಇಳಿದಿರಲೇಬೇಕು. "ಸಕ್ಕರಿ ಬೇಕು," ಎಂದೆ.

ಅವ್ವ ಹೌಹಾರಿ ಅಪ್ಪನಿಗೆ ಅಡ್ಡ ಕುಳಿತಳು. "ಸಕ್ಕರಿ ರೋಗದವಗ ಸಕ್ಕರೀನಾ? ನಾ ಸತ್ತರೂ ಹಾಕಗೊಡೂದಿಲ್ಲ!" ಬಾಗಿಲಲ್ಲಿ ಯಾರೋ, "ಕಲತಾಕಿ ಅಪ್ಪನ್ನ ಕೊಲ್ಲಾಕತ್ತಾಳ," ಎಂದರು. ಮನೆಯಲ್ಲಿ ಸಕ್ಕರೆಯೂ ಇರಲಿಲ್ಲ, ಬೆಲ್ಲದ ಚೂರೂ ಇರಲಿಲ್ಲ.

ಪಕ್ಕದ ಮನೆಯ ಚಾಚಿ ಓಡಿಹೋಗಿ ಒಂದು ಸೀಸೆ ತಂದರು. ಅವರ ಗಂಡ ಲಾರಿ ಓಡಿಸುವವರು, ಕುಂಬಾರವಾಡದ ಕಡೆಯಿಂದ ತಂದಿದ್ದ ಕಾಡಿನ ಜೇನು. "ಇದು ಆಗ್ತದೇನು ಬೇಟಿ?"

"ಆಗ್ತದ್ರಿ," ಎಂದೆ. ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಚಾಚಿ ಅವ್ವನನ್ನು ತೋಳಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಸರಿಸಿದರು. ಕಾಕಾ ಅಪ್ಪನನ್ನು ಮಗ್ಗುಲಿಗೆ ತಿರುಗಿಸಿ ಹಿಡಿದರು. ಬಾಯಿಗೆ ಸುರಿದರೆ ಗಂಟಲಿಗೆ ಸಿಕ್ಕೀತೆಂದು ಬೆರಳಿಗೆ ಜೇನು ಹಚ್ಚಿ, ಕೆನ್ನೆಯ ಒಳಗೆ, ವಸಡಿಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಏನೂ ಆಗಲಿಲ್ಲ. ಅವ್ವನ ಅಳು ಏರುತ್ತಿತ್ತು. ಗಂಗವ್ವಾಯಿ ದೇವರ ಹೆಸರು ಹೇಳುತ್ತಿದ್ದಳು. ಅಪ್ಪನ ಮೂಗಿನ ಬಳಿ ಕೈ ಹಿಡಿದು ಉಸಿರು ನೋಡಿದೆ. ಉಸಿರಿತ್ತು. ಇದು ತಪ್ಪಾಗಿದ್ದರೆ ಈ ಉಸಿರು ನಿಲ್ಲುವುದು ನನ್ನ ಕೈಯಲ್ಲೇ ಎಂದುಕೊಂಡೆ. ಮತ್ತೆ ತಿಕ್ಕಿದೆ.

ಅಪ್ಪ ನನ್ನ ಬೆರಳು ಕಚ್ಚಿದ. ಗಟ್ಟಿಯಾಗಿ ಕಚ್ಚಿದ, ರಕ್ತ ಬಂತು. ಆಮೇಲೆ ನಾಲಿಗೆ ಚಪ್ಪರಿಸಿದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಬಾಗಿಲಲ್ಲಿದ್ದ ಮಂದಿಯನ್ನು ನೋಡಿದ.

"ಯಾಕ ಎಲ್ಲಾರೂ ಕೂಡೀರಿ? ಯಾರ ಹೋದ್ರು?"

"ನೀವ ಹೊಂಟಿದ್ರಿ ಭಾಯಿ," ಎಂದರು ಚಾಚಿ ಕಣ್ಣೊರೆಸಿಕೊಳ್ಳುತ್ತ. "ಬೇಟಿ ಎಳಕೊಂಡ ಬಂದ್ಲು."

ಬಾಯಿಯ ಸಿಹಿ ತಿಳಿದ ಕೂಡಲೇ ಅಪ್ಪನ ಮುಖ ಬಿಳಿಚಿತು. "ವಾರ ಮುರದ್ರೇನ? ಶಾಂತಾ, ನಿನ್ನ ನೌಕರಿ ಹೋದ್ರ ಹೆಂಗವಾ?" ಎಂದು ಸಣ್ಣ ಹುಡುಗನಂತೆ ಅತ್ತ. ಸಾವಿನ ಬಾಯಿಯಿಂದ ಬಂದವನಿಗೆ ಸಾವಿನ ಭಯವಿರಲಿಲ್ಲ, ಅದೊಂದೇ ಭಯವಿತ್ತು.

ಸಂಜೆ ಡಾಕ್ಟರು ಬಂದು ಪರೀಕ್ಷಿಸಿದರು. "ನಾ ಚುಚ್ಚಸ್ತೀನಲ್ಲ, ಅದು ಹಾರ್ಮೋನ್. ಮೈಯಾಗ ತಾನ ಹುಟ್ಟಬೇಕಾದ್ದು, ನಿನಗ ಸಾಲದು. ಅದು ಸಕ್ಕರಿ ಇಳಸ್ತದ. ಚಿಂತಿ ಮಾಡಿದಾಗ ಬ್ಯಾರೆ ಹಾರ್ಮೋನ್ ಹುಟ್ಟಿ ಸಕ್ಕರಿ ಏರಸ್ತಾವ. ಮಗಳ ಚಿಂತಿ ಮಾಡಿ ಏರಿಸಿಕೊಂಡಿ. ಮಗಳ ಖುಷಿಗೆ ಉಪಾಸ ಮಾಡಿ ಇಳಿಸಿಕೊಂಡಿ. ಸೂಜಿ ಆದಮ್ಯಾಲ ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ನೂದ ನಿನ್ನ ವ್ರತ, ತಿಳೀತಿಲ್ಲೋ?"

"ದೇವರಿಗೆ ಏನ್ ಹೇಳ್ಲಿರಿ?" ಎಂದ ಅಪ್ಪ.

"ನನ್ನ ಹೆಸರ ಹೇಳು."

ಅಪ್ಪ ಒಪ್ಪಲಿಲ್ಲ. ಕೊನೆಗೆ ಉಳಿದ ಶನಿವಾರಗಳನ್ನು ನಾನು ಹಿಡಿದೆ. ಬೇಡಿಕೊಂಡದ್ದು ನನ್ನ ಸಲುವಾಗಿ ತಾನೇ?

ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ಓಣಿಯಲ್ಲಿ ಮಾತು ತಿರುಗಿತು. ಕಲಿತ ಮಗಳು ಅಪ್ಪನನ್ನು ಉಳಿಸಿದಳೆಂದು ಗಂಗವ್ವಾಯಿಯೇ ಹೇಳಿಕೊಂಡು ತಿರುಗಿದಳು. ನನ್ನ ಪದವಿಯ ಬಗ್ಗೆ ಯಾರು ಏನು ಹೊಗಳಿದರೂ ನಾನು ತಲೆಯೆತ್ತಿ ಕೇಳುತ್ತೇನೆ, ಅದನ್ನು ಕಷ್ಟಪಟ್ಟು ಗಳಿಸಿದ್ದೇನೆ. ಈ ಒಂದು ಹೊಗಳಿಕೆಗೆ ಮಾತ್ರ ಮೈ ಜುಂ ಎನ್ನುತ್ತದೆ. ನಾನು ಮಾಡಿದ್ದು ಸರಿ ಎಂದು ಜಗತ್ತಿಗೆ ಆಮೇಲೆ ತಿಳಿಯಿತು. ಅಪ್ಪನ ಬಾಯಲ್ಲಿ ಬೆರಳಿಟ್ಟು ಕುಳಿತಿದ್ದ ಅಷ್ಟು ಹೊತ್ತು ನನಗೇ ತಿಳಿದಿರಲಿಲ್ಲ.